ಕುರುಗೋಡಿನ ಬಾಗಿಲಿಗೆ ಕಟ್ಟಿದ ಹಸಿರು ದೀಪ

ಹೊಸದಾಗಿ ಮದುವೆಯಾದ ಗಂಡಸಿನ ಕೈಗೆ ಯಾರೂ ಕಾದಂಬರಿ ಕೊಡಬಾರದು. ಹಳೆಯ ಗಂಡಂದಿರು ಓದಿದರೆ ತೊಂದರೆಯಿಲ್ಲ, ಅವರು ಮೂರನೆಯ ಪುಟಕ್ಕೇ ಗೊರಕೆ ಹೊಡೆಯುತ್ತಾರೆ. ಹೊಸಬ ಹಾಗಲ್ಲ. ಕಣ್ಣರಳಿಸಿ ಓದುತ್ತಾನೆ, ಓದಿದ್ದನ್ನು ನಂಬುತ್ತಾನೆ, ನಂಬಿದ್ದನ್ನು ಮಾಡಿ ತೋರಿಸಲು ಹೊರಡುತ್ತಾನೆ. ನಾನು ಹಾಗೆ ಹೊರಟಿದ್ದರ ಫಲವಾಗಿ ಕುರುಗೋಡಿನ ಒಂದು ಓಣಿಯಲ್ಲಿ ಇವತ್ತಿಗೂ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಅಲ್ಲಿ ಬರೀ ‘ದೀಪದ ಅಳಿಯ’.

ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೆ ಸೇರಬೇಕೋ ಎಂದು ದೊಡ್ಡವರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದ ಕಾಲ ಅದು. ನಾನು ಸಿರುಗುಪ್ಪದಲ್ಲಿ ಇಂಗ್ಲಿಷ್ ಮೇಷ್ಟ್ರು. ಮದುವೆಯಾಗಿ ಮೂರು ತಿಂಗಳು. ಆಷಾಢ ಬಂತು. ರೂಢಿಯಂತೆ ನನ್ನ ಹೆಂಡತಿ ನೀಲಮ್ಮ ತವರೂರಾದ ಕುರುಗೋಡಿಗೆ ಹೊರಟಳು. ಆ ತಿಂಗಳು ಹೊಸ ಅಳಿಯ ಅತ್ತೆಮನೆಯ ಹೊಸಿಲು ದಾಟುವಂತಿಲ್ಲ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ, “ತಿಂಗಳಾನುಗಟ್ಲೆ ಹೋಗಾಕತ್ತೀನಿ. ಏನರ ಹೇಳೋದೈತೇನ್ರೀ?” ಎಂದು ಕೇಳಿದಳು. ದೇವರಾಣೆ, ನನ್ನ ಎದೆ ತುಂಬಿ ಬಂದಿತ್ತು. ಆದರೆ ಎದೆಯಿಂದ ಬಾಯಿಗೆ ಬರುವ ದಾರಿಯಲ್ಲಿ ಏನು ಹೆಚ್ಚುಕಡಿಮೆಯಾಯಿತೋ ಕಾಣೆ. “ಬರೋವಾಗ ಗುರೆಳ್ಳು ಚಟ್ನಿ ಪುಡಿ ತಗೊಂಡು ಬಾ” ಎಂದುಬಿಟ್ಟೆ. ನೀಲಮ್ಮ ಸರ್ರನೆ ಒಳಗೆ ಹೋಗಿ ಆಚೆ ಬದಿಯ ಕಿಟಕಿಯ ಹತ್ತಿರ ಕೂತಳು.

ಎರಡು ಕಾಗದ ಬರೆದೆ, ಉತ್ತರವಿಲ್ಲ. ಮೂರನೆಯದಕ್ಕೆ ಮಾವನವರಿಂದ ಕಾರ್ಡು ಬಂತು: ಮಗಳು ಶ್ರಾವಣ ಬಂದೊಡನೆ ಹೊರಡುವುದಿಲ್ಲವಂತೆ, ನಾಗರಪಂಚಮಿಯನ್ನೂ ಮುಗಿಸಿಕೊಂಡೇ ಬರುತ್ತಾಳಂತೆ. ನನಗೆ ದಿಗಿಲಾಯಿತು. ಪಂಚಮಿಯ ಬೆನ್ನಿಗೆ ಗಣಪತಿ, ಗಣಪತಿಯ ಬೆನ್ನಿಗೆ ದಸರಾ. ಮುನಿದ ಹೆಂಡತಿಗೆ ಪಂಚಾಂಗದಲ್ಲಿ ಹಬ್ಬಗಳ ಕೊರತೆಯಿಲ್ಲ. ಬಳ್ಳಾರಿ ಯಾವ ಕಡೆಗಾದರೂ ಸೇರಲಿ, ನೀಲಮ್ಮ ನನ್ನ ಕಡೆಗೆ ಸೇರಿದರೆ ಸಾಕು ಎನಿಸಿತು.

ಈ ಸಂಕಟದಲ್ಲಿದ್ದಾಗಲೇ ಬಳ್ಳಾರಿಯ ಕೌಲ್ ಬಜಾರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಅಮೆರಿಕದ ಕಾದಂಬರಿ ಸಿಕ್ಕಿತು. ಯುದ್ಧದ ಕಾಲದಲ್ಲಿ ಯಾವನೋ ಸೋಲ್ಜರು ಬಿಟ್ಟುಹೋದದ್ದು. “ತಗೊಳ್ರಿ ಮಾಸ್ತರ, ಮಸ್ತ್ ಕಿತಾಬ್ ಐತಿ. ಕೊನೀ ಹಾಳಿ ಒಂದಿಷ್ಟು ಹೋಗ್ಯಾವ, ಅಷ್ಟಾ” ಎಂದರು ಅಂಗಡಿಯ ಖಾಸೀಂ ಸಾಹೇಬರು. ನಾಯಕ ದೊಡ್ಡ ಶ್ರೀಮಂತ. ಅವನು ಪ್ರೀತಿಸಿದ ಹೆಣ್ಣು ಇನ್ನೊಬ್ಬನನ್ನು ಮದುವೆಯಾಗಿ ನೀರಿನ ಆಚೆ ದಡದಲ್ಲಿದ್ದಾಳೆ. ಇವನು ಈಚೆ ದಡದಲ್ಲಿ ಅರಮನೆಯಂಥ ಮನೆ ಹಿಡಿದು, ಎಂದಾದರೂ ಬಂದಾಳೆಂದು ಊರಿಗೆಲ್ಲ ಔತಣ ಹಾಕುತ್ತಾನೆ. ಆಮೇಲೆ ಒಬ್ಬನೇ ನಿಂತು, ಅವಳ ಮನೆಯ ಬಳಿ ಉರಿಯುವ ಒಂದು ಹಸಿರು ದೀಪವನ್ನೇ ನೋಡುತ್ತಾನೆ. ವರ್ಷಗಟ್ಟಲೆ ಕಾದವನು ಒಂದು ದಿನವೂ ಅವಳನ್ನು ಪುಡಿ ಕೇಳುವುದಿಲ್ಲ! ನನಗೆ ನಾಚಿಕೆಯಾಯಿತು.

ಊರಿಗೆಲ್ಲ ಔತಣ ಮೇಷ್ಟರ ಕೈಲಾಗುವ ಕೆಲಸವಲ್ಲ, ದೀಪ ಆದೀತು. ಖಾಸೀಂ ಸಾಹೇಬರಲ್ಲೇ ಹಸಿರು ಗಾಜಿನ ಹಳೆಯ ರೈಲ್ವೆ ಲಾಟೀನು ಸಿಕ್ಕಿತು. ಹತ್ತಿಬೀಜಕ್ಕೆಂದು ಬಳ್ಳಾರಿಗೆ ಬಂದಿದ್ದ ಮಾವನವರ ಕೈಗೆ ಅದನ್ನೂ ಒಂದು ಕಾಗದವನ್ನೂ ಕೊಟ್ಟೆ. ದಿನಾ ಸಂಜೆ ಇದನ್ನು ಬಾಗಿಲಿಗೆ ಕಟ್ಟು, ಭಾನುವಾರ ಎದುರುಮನೆಯ ಕಟ್ಟೆಯ ಮೇಲೆ ಕೂತು ನೋಡುತ್ತೇನೆ ಎಂದು ನೀಲಮ್ಮನಿಗೆ ಬರೆದಿದ್ದೆ. ಮಾವನವರು ಲಾಟೀನನ್ನು ಮೂರು ಸಲ ತಿರುಗಿಸಿ ನೋಡಿ, “ಮಾಸ್ತರ ಮಂದಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಭಾನುವಾರ ಮುಸ್ಸಂಜೆಗೆ ಹೋಗಿ ನೋಡುತ್ತೇನೆ, ಅತ್ತೆಮನೆಯ ಮುಂದೆ ಜಾತ್ರೆ! ದೀಪವೇನೋ ಹಸಿರಾಗಿ ಉರಿಯುತ್ತಿತ್ತು. ಅದರ ಕೆಳಗೆ ಊದಿನಕಡ್ಡಿಯ ಹೊಗೆ, ಸಕ್ಕರೆ ಪೊಟ್ಟಣ ಹಿಡಿದ ಹೆಂಗಸರ ಸಾಲು. ಕಟ್ಟೆಯ ಮೇಲಿದ್ದ, ಕಣ್ಣು ಮಂಜಾದ ಮುದುಕಿಯನ್ನು ಏನಮ್ಮಾ ಇದು ಎಂದು ಕೇಳಿದೆ.

“ಯಾವೂರಪ್ಪಾ ನಿಂದು? ಹಸರು ದೀಪಾ ಕಟ್ಟ್ಯಾರಂದ್ರ ಮೊಹರಮ್ಮಿನ ಪೀರಲ ದೇವ್ರಿಗೆ ಹರಕಿ ಹೊತ್ತಾರಂತ ತಿಳೀವಲ್ದೇನು? ಮೊನ್ನಿ ನಮ್ಮ ಮೊಮ್ಮಗಳ ಕೆಮ್ಮು ಒಂದಾ ದಿನಕ್ಕ ನಿಂತೈತಿ.”

“ಏನು ಹರಕೆಯಂತೆ?”

ಮುದುಕಿ ದನಿ ತಗ್ಗಿಸಿದಳು. “ಅಳಿಯಗ ತಲಿ ಕೆಟ್ಟೈತಂತ. ಸಿರುಗುಪ್ಪದಾಗ ಮಾಸ್ತರ ಅದಾನ, ಪಾಪ.”

ಆಮೇಲೆ ತಿಳಿಯಿತು: ಓಣಿಯವರು ಕೇಳಿದಾಗ, ಗಂಡ ದೂರದಿಂದ ನೋಡಿ ನಿಟ್ಟುಸಿರು ಬಿಡಲಿ ಎಂದು ಮಗಳು ದೀಪ ಕಟ್ಟಿದ್ದಾಳೆಂದು ಹೇಳಲು ಅತ್ತೆಯವರಿಗೆ ನಾಚಿಕೆಯಾಗಿದೆ. ಹರಕೆ ಎಂದು ಒಪ್ಪಿಕೊಂಡಿದ್ದಾರೆ. ಕಾರಣ ಕೇಳಿದಾಗ, ಕಾಗದವನ್ನು ಓದಿದ್ದ ಮಾವನವರು ತಮಗೆ ನಿಜವೆನಿಸಿದ್ದನ್ನೇ ಹೇಳಿದ್ದಾರೆ.

ಕಟ್ಟೆಯಿಂದ ನೀಲಮ್ಮನ ಸೆರಗಿನ ತುದಿಯೂ ಕಾಣುತ್ತಿರಲಿಲ್ಲ. ವಿಧಿಯಿಲ್ಲದೆ ನಾನೂ ಸಾಲಿನಲ್ಲಿ ನಿಂತೆ. ಅರ್ಧ ಗಂಟೆಗೆ ಹೊಸಿಲು ಮುಟ್ಟಿದೆ. ಒಳಗೆ ನಿಂತು ಸಕ್ಕರೆ ಹಂಚುತ್ತಿದ್ದವಳು ಅವಳೇ. ನನ್ನನ್ನು ಕಂಡು ಕೈ ತಡೆಯಿತು. ಪಕ್ಕದಲ್ಲಿದ್ದ ಅತ್ತೆಯವರು ಸೆರಗು ಮುಂದೆಳೆದುಕೊಂಡು ಅಡುಗೆಮನೆಗೆ ಓಡಿದರು.

“ಏನು ಬೇಡ್ಕೋತೀರಿ?” ಎಂದಳು ನೀಲಮ್ಮ, ಮುಖ ಬಿಗಿದುಕೊಂಡು.

ನನಗೆ ಕಾದಂಬರಿಯ ಒಂದು ಸಾಲೂ ನೆನಪಾಗಲಿಲ್ಲ. “ನೀ ಇಲ್ಲದ ಮನಿಯಾಗ ನನಗ ಇರಾಕ ಆಗವಲ್ದು. ಪಂಚಮಿ ಗಿಂಚಮಿ ಬ್ಯಾಡ, ಬಂದುಬಿಡು” ಎಂದೆ.

ಅವಳು ತುಟಿ ಕಚ್ಚಿ ನಗು ತಡೆದಳು. ಕಣ್ಣು ಮಾತ್ರ ತೇವವಾಗಿತ್ತು. “ಇದನ್ನ ಅವತ್ತು ಬಸ್ಸಿನ ಮುಂದ ಅಂದಿದ್ರ ಓಣಿ ಮಂದಿ ಸಕ್ರಿ ಎಲ್ಲಾ ಉಳೀತಿತ್ತಲ್ರೀ” ಎಂದು ನನ್ನ ಅಂಗೈಗೆ ಎರಡು ಹಿಡಿ ಸುರಿದಳು. ನನ್ನ ಹಿಂದೆಯೇ ಸಾಲಿಗೆ ಬಂದು ನಿಂತಿದ್ದ ಆ ಮುದುಕಿ, “ಬೇಡ್ಕೊಂಡಿದ್ದಾತಿಲ್ಲೋ, ಮುಂದ ಸರಿಯಪ್ಪಾ!” ಎಂದು ಕೂಗಿದಳು.

ಶ್ರಾವಣದ ಮೊದಲನೆಯ ದಿನವೇ ನೀಲಮ್ಮ ಬಂದಿಳಿದಳು. ಅಳಿಯನ ತಲೆ ಸರಿಹೋಯಿತೆಂದು ಕುರುಗೋಡಿನಲ್ಲಿ ದೀಪದ ಕೀರ್ತಿ ಇನ್ನೂ ಹೆಚ್ಚಿತು. ಅತ್ತೆಯವರು ಅದನ್ನು ಈವರೆಗೆ ವಾಪಸು ಕೊಟ್ಟಿಲ್ಲ. ಕಾದಂಬರಿಯ ಆ ನಾಯಕ ಕೊನೆಗೆ ಗುಂಡೇಟಿಗೆ ಸತ್ತನೆಂದು, ಕೊನೆಯ ಹಾಳೆಗಳನ್ನೂ ಓದಿದ್ದ ಗೆಳೆಯನೊಬ್ಬ ಹೇಳಿದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಪಾಪ, ಅವನ ಕಡೆ ಸಾಲಿನಲ್ಲಿ ನಿಲ್ಲುವ ರೂಢಿ ಇರಲಿಲ್ಲವೆಂದು ಕಾಣುತ್ತದೆ.

ಮರುವರ್ಷ ನೀಲಮ್ಮ ಪಂಚಮಿಗೆ ತವರಿಗೆ ಹೊರಟಾಗ ಅದೇ ಬಸ್ಸು, ಅದೇ ಮೆಟ್ಟಿಲು. ತಿರುಗಿ ನಿಂತು, ಕಣ್ಣಲ್ಲೇ ನಗುತ್ತ, “ಏನರ ಹೇಳೋದೈತೇನ್ರೀ?” ಎಂದಳು. ಈ ಸಲ ನಾನು ಮಾತನ್ನು ಮೂರು ದಿನದಿಂದ ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ. ಉಸಿರು ಎಳೆದುಕೊಂಡೆ, ಎದೆಯ ಮೇಲೆ ಕೈಯಿಟ್ಟೆ, ಬಾಯಿ ತೆರೆದೆ.

“ಹೋದ ಸಲ ಪುಡಿಗೆ ಉಪ್ಪು ಸ್ವಲ್ಪ ಕಡಿಮಿ ಆಗಿತ್ತು ನೋಡು.”