ಆರು ಗಂಟೆಗೆ ಏಳುವ ಸೈನ್ಯ

ಆ ದಿನದ ರಗಳೆಯೆಲ್ಲ ಶುರುವಾದದ್ದು ಒಂದು ಬ್ರೆಡ್ಡಿನಿಂದ. ಆ ಬ್ರೆಡ್ಡಿಗೆ ಮುಖವಿತ್ತು.

ಮುಖವೆಂದರೆ ಹಾಗೆ ಹೀಗೆ ಅಲ್ಲ. ಮೂಗಿನ ಗುಳಿ, ಅದರ ಕೆಳಗೆ ಮೀಸೆಯ ಗೀರು, ಅದರ ಕೆಳಗೆ ಬಾಯಿ ತೆರೆದುಕೊಂಡ ದೊಡ್ಡ ಹಳ್ಳ. ಎಲ್ಲವೂ ಹೊಂಬಣ್ಣಕ್ಕೆ ಬೆಂದು ಗರಿಗರಿಯಾಗಿತ್ತು. ಬೇಕರಿಯಿಂದ ಈಗಷ್ಟೇ ಅದನ್ನು ಕೊಂಡುಹೋಗಿದ್ದ ಹವಾಲ್ದಾರರು ವಾಪಸು ಬಂದು, ಗಲ್ಲಾದ ಮೇಲೆ ಮೆಲ್ಲಗೆ ಇಟ್ಟು, "ಮಾಲೀಕರೇ, ಇದು ಯಾರು?" ಎಂದು ಕೇಳಿದರು. ಏನು ಅಂತಲ್ಲ, ಯಾರು ಅಂತ.

ಮಾಲೀಕ ಬ್ರೆಡ್ಡನ್ನು ನೋಡಿದ. ಹಿಂದೆ ಬನ್ನು ಜೋಡಿಸುತ್ತಿದ್ದವನನ್ನು ನೋಡಿದ. ಮತ್ತೆ ಬ್ರೆಡ್ಡನ್ನು ನೋಡಿ ತಲೆ ತಗ್ಗಿಸಿದ.

"ನಮ್ಮ ಬಾಮೈದ."

ಬಾಮೈದನ ಕಣ್ಣುರೆಪ್ಪೆಗಳ ಮೇಲೆ ಇನ್ನೂ ಹಿಟ್ಟು ಒಣಗಿ ಕೂತಿತ್ತು. ಬೆಳಗಿನ ಜಾವ ತಟ್ಟೆಯನ್ನು ಒಲೆಗೆ ತಳ್ಳುವ ಮುನ್ನ ಒಂದೇ ಒಂದು ಗಳಿಗೆ ಕಣ್ಣು ಮುಚ್ಚೋಣ ಎಂದು ಬಗ್ಗಿದವನು, ಮೆತ್ತಗೆ ಏನೋ ಸಿಕ್ಕಿತೆಂದು ಹಾಗೇ ಮುಖ ಊರಿಬಿಟ್ಟಿದ್ದ. ಅವನ ತಪ್ಪಾದರೂ ಏನು? ಅಕ್ಕ ಭಾವ ಮೊದಲೇ ಬಂದು ಈ ದೇಶದಲ್ಲಿ ಬೇಕರಿ ಹಾಕಿದ್ದರು. "ಬಾರಪ್ಪಾ, ಪರದೇಶ ನೋಡಿದ ಹಾಗಾಗುತ್ತೆ" ಎಂದು ಕರೆಸಿಕೊಂಡರು. ಬಂದ ಮೇಲೆ ಅವನು ನೋಡಿದ ಪರದೇಶವೆಂದರೆ ಒಲೆಯ ಬಾಯಿ. ದಿನಾ ರಾತ್ರಿ ಎರಡಕ್ಕೆ ಏಳಬೇಕು, ಕಬ್ಬಿಣದ ಕೊಳವೆಯಲ್ಲಿ ಊದಿ ಊದಿ ಕೆಂಡ ಎಬ್ಬಿಸಬೇಕು, ಹಿಟ್ಟು ನಾದಬೇಕು, ಸಂಜೆತನಕ ಆಕಳಿಸುತ್ತ ಮಾರಬೇಕು. ಹೀಗಾಗಿ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಆಕಳಿಕೆಪ್ಪ.

ಹವಾಲ್ದಾರರು ನಕ್ಕರು. "ಇಷ್ಟು ನಿದ್ದೆಗೆಟ್ಟೋನನ್ನ ನಮ್ಮ ಸೈನ್ಯದಲ್ಲೂ ನೋಡಿಲ್ಲ ಕಣಯ್ಯಾ. ನಮ್ಮ ಸಿಪಾಯಿಗಳು ಆರು ಗಂಟೆತನಕ ಹಾಯಾಗಿ ಮಲಗಿರ್ತಾರೆ."

ಆಕಳಿಕೆಪ್ಪನ ಕೈಯಿಂದ ಬನ್ನು ಜಾರಿತು. "ಆರು? ಬೆಳಗಿನ ಆರಾ?"

"ಮತ್ತೇನು, ಸಾಯಂಕಾಲದ್ದಾ?"

"ಪರದೇಶದೋರನ್ನೂ ತಗೋತೀರಾ ಸರ್?"

"ಜನಾನೇ ಸಿಗ್ತಿಲ್ಲ, ತಗೊಳ್ದೆ ಏನು ಮಾಡೋದು? ಕಾನೂನು ಪ್ರಕಾರ ವಾಸ ಇದ್ದು, ಮೈ ಗಟ್ಟಿ ಇದ್ರೆ ಸಾಕು. ಇವತ್ತೇ ಭರ್ತಿ ಇದೆ, ದೊಡ್ಡ ಮೈದಾನದಲ್ಲಿ. ಆದ್ರೆ ಬ್ರೆಡ್ ಮಾಡೋಕೆ ಬರುತ್ತೆ ಅಂತ ಅಪ್ಪಿತಪ್ಪಿಯೂ ಬಾಯಿಬಿಡಬೇಡ. ಸೀದಾ ಅಡುಗೆಮನೆಗೆ ತಳ್ತಾರೆ."

ಆಕಳಿಕೆಪ್ಪ ಏಪ್ರನ್ ಬಿಚ್ಚಿದ. ಭಾವನ ಬಾಯಿ ಬ್ರೆಡ್ಡಿನ ಬಾಯಿಗಿಂತ ಅಗಲವಾಯಿತು.

"ಲೋ, ತಲೆ ನೆಟ್ಟಗಿದೆಯೇನೋ? ಹುಟ್ಟಿದ ದೇಶ ಬಿಟ್ಟು ಇನ್ನೊಬ್ಬರ ದೇಶದ ಸೈನ್ಯಕ್ಕೆ ಸೇರ್ತೀಯಾ? ನಾಳೆ ಎರಡು ದೇಶಕ್ಕೂ ಜಗಳ ಬಂದ್ರೆ ಯಾರ ಕಡೆ ನಿಲ್ತೀಯೋ?"

"ನಿಲ್ಲಲ್ಲ ಭಾವ. ಮಲಗ್ತೀನಿ."

ಸುದ್ದಿ ಬೀದಿಗೆ ಹಬ್ಬಲು ಬಹಳ ಹೊತ್ತು ಬೇಕಾಗಲಿಲ್ಲ. ಮೊದಲು ಬಂದವನು ಪಕ್ಕದಂಗಡಿಯ ಕ್ಷೌರಿಕ. "ಈ ಕಾಡು ಹೊತ್ಕೊಂಡು ಸೈನ್ಯಕ್ಕೆ ಹೋಗ್ತೀಯಾ? ತಲೆ ಕೊಡು ಇಲ್ಲಿ" ಎಂದು ಕೂರಿಸಿಕೊಂಡ. ಕುರ್ಚಿಯಲ್ಲಿ ಕೂತೊಡನೆ ಆಕಳಿಕೆಪ್ಪನಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಕನ್ನಡಿಯಲ್ಲಿ ಸುಲಿದ ಈರುಳ್ಳಿಯೊಂದು ಅವನನ್ನೇ ದಿಟ್ಟಿಸುತ್ತಿತ್ತು. ಮೀಸೆಯೂ ಹೋಗಿತ್ತು.

ಆಮೇಲೆ ಬಂದವರು ನಿವೃತ್ತ ಬಸ್ ಕಂಡಕ್ಟರು. "ಸೈನ್ಯ ಅಂದ್ರೆ ಏನು? ಜನಾನ ಸಾಲಾಗಿ ಮುಂದಕ್ಕೆ ಕಳಿಸೋದು. ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ" ಎಂದು ಸೀಟಿ ಊದಿ ಬೀದಿಯುದ್ದಕ್ಕೂ ಅವನನ್ನು ನಡೆಸಿದರು. ಒಂದು ಸೀಟಿಗೆ ಹೊರಡಬೇಕು, ಎರಡಕ್ಕೆ ನಿಲ್ಲಬೇಕು. "ಮುಂದಕ್ಕೆ ಹೋಗು, ಮುಂದೆ ಖಾಲಿ ಇದೆ!" ಎಂದು ನಡುನಡುವೆ ಹಳೆಯ ಅಭ್ಯಾಸಕ್ಕೆ ಕೂಗುತ್ತಿದ್ದರು.

ಕೊನೆಗೆ ಇಸ್ತ್ರಿ ಅಂಗಡಿಯ ಅಜ್ಜಿ. ಅವನ ಒಂದೇ ಒಂದು ಒಳ್ಳೆಯ ಪ್ಯಾಂಟಿಗೆ ಗಂಜಿ ಹಾಕಿ, ಹಲಗೆಯ ಹಾಗೆ ಇಸ್ತ್ರಿ ಮಾಡಿ ತೊಡಿಸಿದರು. ಆ ಇಸ್ತ್ರಿ ಗೀಟಿನಲ್ಲಿ ತರಕಾರಿ ಹೆಚ್ಚಬಹುದಿತ್ತು.

"ನೋಡು ಮಗಾ, ಅಲ್ಲಿ ಎಲ್ಲಾದ್ರೂ ಕುಕ್ಕರಿಸಿ ಗೀಟು ಮುರಿದ್ಯೋ, ನಾನು ನಿನ್ನ ಕಾಲು ಮುರೀತೀನಿ."

"ಕೂರೋ ಹಾಗೇ ಇಲ್ವಾ ಅಜ್ಜಿ?"

"ಸೈನಿಕ ಯಾವತ್ತಾದ್ರೂ ಕೂರ್ತಾನೇನೋ?"

ಅಕ್ಕ ಮಾತ್ರ ಸೆರಗಿನಲ್ಲಿ ಮೂಗೊರೆಸುತ್ತ ಬಾಗಿಲಲ್ಲಿ ನಿಂತಿದ್ದಳು. "ಗುಂಡು ಗಿಂಡು ಬಂದ್ರೆ ಬಗ್ಗು ತಮ್ಮಾ. ಗೀಟು ಹಾಳಾದ್ರೆ ಆಗ್ಲಿ."

ಮೈದಾನದಲ್ಲಿ ಜನವೋ ಜನ. ಬಿಸಿಲು ನೆತ್ತಿಯ ಮೇಲಿತ್ತು. ಎಲ್ಲರೂ ಸಾಲಿನಲ್ಲಿ ಅಲ್ಲಲ್ಲೇ ಕೂತುಬಿಟ್ಟರು. ಆಕಳಿಕೆಪ್ಪನಿಗೆ ಕೂರುವ ಯೋಗವಿಲ್ಲ. ಗಂಜಿಯ ಪ್ಯಾಂಟು ಎರಡು ಕಡೆಯಿಂದಲೂ ಅವನನ್ನು ಕಂಬದ ಹಾಗೆ ಎತ್ತಿಹಿಡಿದಿತ್ತು. ನಿಂತ ನಿಂತಲ್ಲೇ, ಕಣ್ಣು ಅರ್ಧ ತೆರೆದು, ಅವನು ಗಾಢವಾಗಿ ನಿದ್ದೆಹೋದ.

ಭರ್ತಿಯ ಅಧಿಕಾರಿ ಮೇಡಂ ಸಾಲನ್ನು ನೋಡುತ್ತ ಬಂದವರು ಅವನೆದುರು ನಿಂತರು. ಈರುಳ್ಳಿ ತಲೆಯ ಮೇಲೆ ಒಂದು ನೊಣ ಕೂತು, ಅಡ್ಡಾಡಿ, ಮೂಗಿನ ಮೇಲಿಳಿದು ಕಾಲು ತಿಕ್ಕಿಕೊಂಡಿತು. ಮನುಷ್ಯ ಅಲುಗಲಿಲ್ಲ.

"ಇವನನ್ನ ನೋಡ್ರೀ!" ಎಂದರು ಮೇಡಂ, ಕೂತಿದ್ದವರ ಕಡೆ ತಿರುಗಿ. "ಬಂದಾಗಿನಿಂದ ಹೀಗೇ ನಿಂತಿದ್ದಾನೆ. ಇದು ಶಿಸ್ತು. ನೀವೇನು ಸಂತೆಗೆ ಬಂದಿದ್ದೀರಾ?"

ಆ ಗದರಿಕೆಗೆ ಅವನಿಗೆ ಎಚ್ಚರವಾಯಿತು. ಅಲ್ಲಿಂದಾಚೆ ಅವನು ಮುಟ್ಟಿದ್ದೆಲ್ಲ ಚಿನ್ನ. ಮರಳಿನ ಮೂಟೆ ಹೊತ್ತು ಓಡಿ ಎಂದರು. ಉಳಿದವರು ಏದುಸಿರು ಬಿಡುವಷ್ಟರಲ್ಲಿ, ಮೈದಾ ಮೂಟೆ ಹೊತ್ತು ಹೊತ್ತು ಪಳಗಿದ್ದ ಆಕಳಿಕೆಪ್ಪ ಆ ತುದಿ ಮುಟ್ಟಿ ಬಂದು, "ಎಲ್ಲಿ ಇಳಿಸ್ಲಿ ಸರ್?" ಎಂದು ಕೇಳಿದ. ಡಾಕ್ಟರು ಉಸಿರಿನ ಬಲ ನೋಡಲು ಒಂದು ನಳಿಗೆ ಕೊಟ್ಟು ಊದು ಎಂದರು. ನಳಿಗೆ ಕಂಡೊಡನೆ ಅವನಿಗೆ ಒಲೆಯ ಕೆಂಡ ನೆನಪಾಗಿ ಸಿಟ್ಟೆಲ್ಲ ಒಟ್ಟಿಗೆ ಉಕ್ಕಿತು. ಊದಿದ. ಯಂತ್ರದ ಮುಳ್ಳು ಆ ಕೊನೆಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಡಾಕ್ಟರು ಯಂತ್ರವನ್ನು ಕುಟ್ಟಿ ನೋಡಿದರು, ಅವನನ್ನು ನೋಡಿದರು, ಎದ್ದುಹೋಗಿ ಮೇಡಂ ಕಿವಿಯಲ್ಲಿ ಏನೋ ಹೇಳಿದರು.

ಕೊನೆಗೆ ಉಳಿದದ್ದು ಸಂದರ್ಶನ. ಪರದೇಶದವರಿಗೆಲ್ಲ ಒಂದೇ ಪ್ರಶ್ನೆ: ಹುಟ್ಟಿದ ದೇಶದ ಸೈನ್ಯವಿರುವಾಗ ನಮ್ಮದೇ ಏಕೆ? ಅವನ ಮುಂದಿದ್ದವನು ಈ ಮಣ್ಣಿಗೆ ರಕ್ತ ಹರಿಸುತ್ತೇನೆಂದ. ಅವನಿಗಿಂತ ಮುಂದಿನವನು ಬರಿಯ ರಕ್ತ ಸಾಲದೆಂದು ಮೂಳೆಯನ್ನೂ ಸೇರಿಸಿದ್ದ. ಆಕಳಿಕೆಪ್ಪನಿಗೆ ಅಂಥದ್ದೇನೂ ಹೊಳೆಯಲಿಲ್ಲ.

"ನಮ್ಮ ದೇಶದ ಸೈನ್ಯ ನಾಲ್ಕಕ್ಕೇ ಏಳುತ್ತೆ ಮೇಡಂ. ನಿಮ್ಮದು ಆರಕ್ಕೆ. ವಿಚಾರಿಸ್ಕೊಂಡೇ ಬಂದೆ."

ಮೂಲೆಯಲ್ಲಿ ಕೂತಿದ್ದ ಹವಾಲ್ದಾರರು ಕೆಮ್ಮಿದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮನಸಾರೆ ನಕ್ಕರು.

"ಬೆಳಿಗ್ಗೆಯಿಂದ ರಕ್ತ ರಕ್ತ ಅಂತ ಕೇಳಿ ಕಿವಿ ಕೆಂಪಾಗಿತ್ತು. ನಿಜ ಹೇಳಿದೋನು ನೀನೊಬ್ಬ. ಇಲ್ಲಿತನಕ ಏನು ಮಾಡ್ತಿದ್ದೆ?"

"ಭಾವನ ಮನೇಲಿದ್ದೆ ಮೇಡಂ."

"ಪಾಪ" ಎಂದರು ಮೇಡಂ. ಮುಂದೆ ಕೇಳಲೇ ಇಲ್ಲ. "ಐದು ವರ್ಷ ನಡುವೆ ಬಿಟ್ಟುಹೋಗೋ ಹಾಗಿಲ್ಲ. ಒಪ್ಪಿಗೆಯಾ?"

"ಹತ್ತು ಅಂದ್ರೂ ಒಪ್ಪಿಗೆ" ಎಂದು ಅವನು ಪೆನ್ನು ಕಸಿದುಕೊಂಡೇ ರುಜು ಹಾಕಿದ.

"ಇವನಿಗೆ ವಿಶೇಷ ಹುದ್ದೆ ಕೊಡಿ" ಎಂದು ಮೇಡಂ ಹವಾಲ್ದಾರರಿಗೆ ಹೇಳಿದ್ದು ಅವನ ಕಿವಿಗೆ ಜೋಗುಳದಷ್ಟು ಇಂಪಾಗಿತ್ತು.

ಸಂಜೆ ಸೈನ್ಯದ ಜೀಪು ಬೇಕರಿ ಬೀದಿಗೆ ಬಂತು. ಒಳಗೆ ಹವಾಲ್ದಾರರ ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಆಕಳಿಕೆಪ್ಪ! ಬೀದಿಗೆ ಬೀದಿಯೇ ಹೊರಗೆ ಬಿತ್ತು. "ತಲೆ ನಂದು" ಎಂದ ಕ್ಷೌರಿಕ. "ನಡಿಗೆ ನಂದು" ಎಂದರು ಕಂಡಕ್ಟರು. "ಗೀಟು ಹಾಗೇ ಇದೆ ನೋಡ್ರೋ" ಎಂದು ಅಜ್ಜಿ ಅವನು ತಂದಿದ್ದ ಬಟ್ಟೆಗಂಟಿನಿಂದ ಪ್ಯಾಂಟು ತೆಗೆದು ಎಲ್ಲರಿಗೂ ತೋರಿಸಿದರು. ಅಕ್ಕ ಅಳುತ್ತಲೇ ನಗುತ್ತಿದ್ದಳು.

ಆಕಳಿಕೆಪ್ಪ ನೇರವಾಗಿ ಭಾವನೆದುರು ಹೋಗಿ ನಿಂತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಅದು. "ಭಾವ, ಇವತ್ತಿಂದ ನಿಮ್ಮ ಒಲೆ ನಿಮಗೆ, ನನ್ನ ನಿದ್ದೆ ನನಗೆ."

"ಆಗ್ಲಪ್ಪಾ. ನಾನೂ ಸುಮ್ನೆ ಕೂತಿಲ್ಲ. ಹೊಸ ಆಳು ಬಂದಾಯ್ತು. ನಿನ್ನ ಮಂಚದ ಮೇಲೆ ಮಲಗಿದ್ದಾನೆ."

ಬೀದಿ ಚಪ್ಪಾಳೆ ತಟ್ಟಿತು. ಹವಾಲ್ದಾರರು ಜೀಪಿನಿಂದ ಒಂದು ಪೆಟ್ಟಿಗೆ ಇಳಿಸಿ ಮುಚ್ಚಳ ತೆರೆದರು. ಒಳಗೆ ಕೆಂಪು ಬಟ್ಟೆಯ ಮೇಲೆ ಫಳಫಳ ಹೊಳೆಯುವ ಹಿತ್ತಾಳೆಯ ಕಹಳೆ.

"ಇಡೀ ಪಡೆಗೆ ಒಬ್ಬನೇ ಕಹಳೆಯವನು! ಪರದೇಶದೋನಿಗೆ ಈ ಗೌರವ ಇದೇ ಮೊದಲು. ಡಾಕ್ಟರು ಇವನ ಉಸಿರು ನೋಡಿ ದಂಗಾಗಿಬಿಟ್ರು."

ಆಕಳಿಕೆಪ್ಪನ ಎದೆ ಎರಡು ಗುಂಡಿ ಕೀಳುವಷ್ಟು ಉಬ್ಬಿತು. "ಇದನ್ನ ಯಾವಾಗ ಊದಬೇಕು ಸರ್?"

"ಎಲ್ಲರನ್ನೂ ಎಬ್ಬಿಸೋಕೆ."

"ಅಂದ್ರೆ... ಆರಕ್ಕೆ?"

"ಆರಕ್ಕೆ ಊದೋದು ಕೊನೇದು, ಸಿಪಾಯಿಗಳಿಗೆ. ಎರಡಕ್ಕೆ ಕಾವಲಿನೋರು ಬದಲಾಗ್ತಾರೆ, ಮೊದಲನೇದು ಅವರಿಗೆ. ಆಮೇಲೆ ಗುಡ್ಡ ಹತ್ತಿ ಮೇಲಿನ ಶಿಬಿರ, ಇಳಿದು ಬಂದು ಹೊಳೆ ದಡದ್ದು. ನೀನು ಒಂದೂವರೆಗೆ ಎದ್ದು ಗಡ್ಡ ಹೆರೆದು ಬೂಟು ಕಟ್ಟಿದ್ರೆ ಸರಿಹೋಗುತ್ತೆ."

ಆಕಳಿಕೆಪ್ಪ ಕಹಳೆಯನ್ನೊಮ್ಮೆ, ಹವಾಲ್ದಾರರನ್ನೊಮ್ಮೆ ನೋಡಿದ. "ನನ್ನನ್ನ ಯಾರು ಎಬ್ಬಿಸ್ತಾರೆ ಸರ್?"

ಹವಾಲ್ದಾರರು ಅಕ್ಕರೆಯಿಂದ ಅವನ ಬೆನ್ನು ತಟ್ಟಿದರು. "ನಿನ್ನನ್ನ ಎಬ್ಬಿಸಬೇಕಾ? ಹಿಂದಿನೋರೆಲ್ಲ ಏಳೋಕಾಗ್ದೆ ಬಿಟ್ಟುಹೋದ್ರು, ಅದಕ್ಕೇ ಈಗ ಐದು ವರ್ಷದ ಕರಾರು. ಆ ಹೊತ್ತಿಗೆ ಏಳೋದು ಮೈಗೆ ಹತ್ತಿರೋನು ಊರಿಗೆಲ್ಲ ನೀನೊಬ್ಬನೇ ಅಂತ ನಾನೇ ಮೇಡಂಗೆ ಹೇಳ್ದೆ. ಉಪಕಾರ ಗಿಪಕಾರ ಅನ್ಬೇಡ ಮತ್ತೆ."

"ಊದೋ ಮಗಾ, ನಾವೂ ಕೇಳೋಣ!" ಎಂದರು ಅಜ್ಜಿ. "ಊದು, ಊದು!" ಎಂದು ಬೀದಿಯೆಲ್ಲ ದನಿಗೂಡಿಸಿತು.

ಅವನು ಕಹಳೆಯನ್ನು ತುಟಿಗೆ ಇಟ್ಟ. ಆಗಲೇ, ಎಲ್ಲೋ ಅಂಗಾಲಿನಲ್ಲಿ ಹುಟ್ಟಿದ ಒಂದು ಆಕಳಿಕೆ ಮೊಣಕಾಲು ದಾಟಿ, ಹೊಟ್ಟೆ ದಾಟಿ, ಎದೆಯೆಲ್ಲ ತುಂಬಿಕೊಂಡು ಮೇಲೆ ಬಂತು. ತಡೆಯಲು ನೋಡಿದ. ಆಗಲಿಲ್ಲ. ಮುಂದಿನ ಐದು ವರ್ಷ ಕೆಡಲಿರುವ ನಿದ್ದೆಯನ್ನೆಲ್ಲ ಒಮ್ಮೆಗೇ ಹೊತ್ತ ಆ ಆಕಳಿಕೆ ಹಿತ್ತಾಳೆಯೊಳಗೆ ನುಗ್ಗಿ, ತಿರುಗಿ, ಹೊರಗೆ ಬಂದು ಮನೆಮನೆಯ ಕಿಟಕಿಗಳನ್ನು ನಡುಗಿಸಿತು.

ಆಮೇಲೆ ಬಿದ್ದ ಚಪ್ಪಾಳೆಗೆ ಬೇಕರಿಯ ಗಾಜಿನ ಬಾಗಿಲು ಗಲಗಲ ಎಂದಿತು. ಕಂಡಕ್ಟರು ಕಣ್ಣೊರೆಸಿಕೊಂಡು ಸಲ್ಯೂಟು ಹೊಡೆದರು.

"ಕೇಳಿದ್ರಾ?" ಎಂದರು. "ಇಂಥ ಸ್ವರ ಎಲ್ಲರಿಗೂ ಬರಲ್ಲ. ಅದಕ್ಕೆ ಒಳಗೇನೋ ಇರಬೇಕು."