ಮಲೇಷ್ಯಾದಿಂದ ನೆಟ್ಟಗೆ ಅತ್ತೆಯ ಮನೆಗೆ

ನನ್ನ ಹೆಂಡತಿ ಚೌಡೇಶ್ವರಿಯ ಪ್ರಕಾರ ಈ ಜಗತ್ತಿನಲ್ಲಿ ಎರಡನ್ನು ಕಣ್ಣುಬಿಟ್ಟು ಕಾಯಬೇಕು: ಒಲೆಯ ಮೇಲಿಟ್ಟ ಹಾಲು ಮತ್ತು ನಾನು. ಹಾಲಾದರೂ ಉಕ್ಕಿದ ಮೇಲೆ ಎಲ್ಲಿದೆ ಎಂದು ಗೊತ್ತಾಗುತ್ತದೆ, ನಾನು ಎಲ್ಲಿದ್ದೇನೆಂದು ಗೊತ್ತಾಗುವುದೇ ಇಲ್ಲ ಎಂಬುದು ಅವಳ ವಾದ. ಈ ಮಾತನ್ನು ನನ್ನೊಬ್ಬನ ಮುಂದೆ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ. ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ ಹೇಳುತ್ತಾಳೆ.

ಅವಳ ಬಳಿ ಸಾಕ್ಷಿಯೂ ಇದೆ. ಒಮ್ಮೆ ಬೆಂಗಳೂರಿನ ಮೆಟ್ರೋದಲ್ಲಿ ಅವಳು ಇಳಿದಳು, ನಾನು ಇಳಿಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅವಳು, ಈಚೆ ನಾನು, ಇಬ್ಬರೂ ಕೈ ಬೀಸುತ್ತ ಅಗಲಿದೆವು. (ಅವಳು ಬೀಸಿದ್ದು ಇಳಿಯಿರಿ ಎಂದು. ನಾನು ಬೀಸಿದ್ದು ಯಾಕೆಂದು ಇವತ್ತಿಗೂ ತಿಳಿದಿಲ್ಲ.) ಭಾನುವಳ್ಳಿಯ ನೆಂಟರ ಗೃಹಪ್ರವೇಶದಲ್ಲಿ ಈ ಕಥೆಯನ್ನು ಅವಳು ಅಭಿನಯದ ಸಮೇತ ಹೇಳಿದಾಗ ಪೂಜೆಗೆ ಬಂದ ಸ್ವಾಮಿಗಳೂ ಊಟ ನಿಲ್ಲಿಸಿ ನಕ್ಕರು. ನನಗೆ ತಡೆಯಲಾಗಲಿಲ್ಲ. ಬಾಯಲ್ಲಿ ಹೋಳಿಗೆ ಇದ್ದಂತೆಯೇ ಎದ್ದು ನಿಂತು ಘೋಷಿಸಿದೆ:

"ಮುಂದಿನ ತಿಂಗಳು ನಾನು ಒಬ್ಬನೇ ಫಾರಿನ್‌ಗೆ ಹೋಗಿ ಬರ್ತೀನಿ!"

"ಫಾರಿನ್ ಇರ್ಲಿ, ಮೊದ್ಲು ಕೈ ತೊಳೆಯೋ ಜಾಗ ಎಲ್ಲೈತೆ ಅಂತ ಹುಡುಕ್ರಿ ನೋಡೋಣ" ಎಂದಳು ಚೌಡೇಶ್ವರಿ.

ಹೀಗೆ ನನ್ನ ವಿದೇಶ ಪ್ರವಾಸ ನಿಶ್ಚಯವಾಯಿತು. ದಾವಣಗೆರೆಯ ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು, ಊರಿನ ಅರ್ಧ ಮದುವೆಗಳಿಗೆ ಕೊಪ್ಪರಿಗೆ ಒದಗಿಸಿದ ಯೋಗರಾಜನೆಂಬ ನಾನು, ಐವತ್ತು ದಾಟಿದ ಮೇಲೆ, ಮಲೇಷ್ಯಾಕ್ಕೆ ಒಬ್ಬನೇ ಹೊರಟೆ. ಹೊರಡುವ ಮುಂಚೆ ನನ್ನ ಷರತ್ತುಗಳನ್ನು ಮನೆಯಲ್ಲಿ ಗಂಭೀರವಾಗಿ ಮಂಡಿಸಿದೆ. ಯಾರೂ ಕಳಿಸಲು ಬರಕೂಡದು. ಯಾರೂ ಕರೆಯಲು ಬರಕೂಡದು. ಫೋನ್ ಮಾಡಿ "ಎಲ್ಲಿದೀರಿ" ಎಂದು ಕೇಳಕೂಡದು. ನಮ್ಮ ಮನೆಯ ಬಾಗಿಲಿಗೆ ನಾನಾಗಿಯೇ ಬಂದು ನಿಂತರೆ, ಅಂದಿನಿಂದ ಮೆಟ್ರೋ ಕಥೆ ಬಂದ್.

"ಆತು. ಬರದಿದ್ರೆ?" ಎಂದಳು.

"ಬರದಿದ್ರೆ ನೀನು ಹೇಳಿದಂಗೆ ಕೇಳ್ತೀನಿ."

"ಈಗೇನು ಕೇಳ್ತಿಲ್ವಾ?" ಎಂದು ಅವಳು ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಸೂಟ್‌ಕೇಸಿನೊಳಗೆ ತುರುಕಿದಳು.

ಓದುಗರೇ, ಹೆಮ್ಮೆಯಿಂದ ಹೇಳುತ್ತೇನೆ, ನಾನು ಗೆದ್ದೆ. ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವ ಅಧಿಕಾರಿ "ಅಲೋನ್?" ಎಂದು ಕೇಳಿದಾಗ ನಾನು ಎದೆಯುಬ್ಬಿಸಿ "ಯೆಸ್ ಸರ್! ಅಲೋನ್! ವೈಫ್ ದಾವಣಗೆರೆ!" ಎಂದೆ. ಹಿಂದಿನ ಸಾಲಿನವರೂ ತಿರುಗಿ ನೋಡಿದರು. ಆತ ಠಪ್ಪೆಂದು ಮುದ್ರೆ ಒತ್ತಿದ. ಆಹಾ, ಆ ಸದ್ದು! ಅವಳಿ ಗೋಪುರ ನೋಡಿದೆ. ಬಾಟು ಗುಹೆಯ ಮೆಟ್ಟಿಲು ಹತ್ತಿ ಸುಬ್ರಹ್ಮಣ್ಯನಿಗೆ ಕೈ ಮುಗಿದೆ, ಅಲ್ಲಿನ ಮಂಗವೊಂದು ನನ್ನ ಬಾಳೆಹಣ್ಣು ಕಿತ್ತುಕೊಂಡಿತು, ಅದನ್ನೂ ಒಬ್ಬನೇ ಎದುರಿಸಿದೆ. ಹೋಟೆಲಿನಲ್ಲಿ ನನ್ನ ಕೋಣೆ ಯಾವ ಅಂತಸ್ತಿನಲ್ಲಿದೆ ಎಂದು ಒಮ್ಮೆ ಮರೆತಿದ್ದು ನಿಜ. ಆದರೆ ಎಲ್ಲ ಅಂತಸ್ತುಗಳಲ್ಲೂ ಬೀಗ ತಿರುಗಿಸಿ ನೋಡಿ ಕೊನೆಗೆ ಕಂಡುಹಿಡಿದೆ. ದಾರಿ ಕೇಳಲು ಚೌಡೇಶ್ವರಿಗೆ ಒಂದೇ ಒಂದು ಸಲವೂ ಫೋನ್ ಮಾಡಲಿಲ್ಲ. ಅವಳಿಗೆಂದು ನವಿಲು ಬಣ್ಣದ ರೇಷ್ಮೆ ಶಾಲೊಂದನ್ನು ಚೌಕಾಸಿ ಮಾಡಿ ಕೊಂಡೆ. ನಿಜ ಹೇಳಬೇಕೆಂದರೆ, ಅದನ್ನು ಕೊಳ್ಳುವಾಗ ಅವಳು ಪಕ್ಕದಲ್ಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು.

ಬೆಂಗಳೂರಿಗೆ ಬಂದಿಳಿದು ದಾವಣಗೆರೆಯ ಕಡೆಗೆ ಹೋಗುವ ರೈಲು ಹತ್ತಿದೆ. ಎದುರಿಗೆ ಹುಬ್ಬಳ್ಳಿಗೆ ಹೊರಟಿದ್ದ ಹಯಾತ್ ಸಾಬ್ ಎಂಬ ಮರದ ವ್ಯಾಪಾರಿ ಕುಳಿತಿದ್ದರು. ಬಹಳ ಸಭ್ಯರು. "ಎಲ್ಲಿಂದ ಬರ್ತಿದೀರಿ ಸಾಹೇಬ್ರೆ?" ಎಂದು ಕೇಳಿದ್ದೇ ಅವರು ಮಾಡಿದ ತಪ್ಪು.

"ಕೌಲಾಲಂಪುರದಿಂದ. ಒಬ್ಬನೇ" ಎಂದೆ.

ಅಲ್ಲಿಂದ ನನ್ನ ಪ್ರವಾಸ ಕಥನ ಶುರುವಾಯಿತು. ಫೋಟೋ ತೋರಿಸಿ ತೋರಿಸಿ ಅರಸೀಕೆರೆ ದಾಟುವಷ್ಟರಲ್ಲಿ ನನ್ನ ಫೋನು ಸತ್ತಿತು. ಆಮೇಲೆ ಕೈಯಲ್ಲೇ ಗೋಪುರ ಕಟ್ಟಿ ತೋರಿಸಿದೆ. ಮಂಗನ ಪ್ರಸಂಗ ರಂಗೇರಿದ್ದ ಹೊತ್ತಿಗೆ ರೈಲು ಎಲ್ಲೋ ನಿಂತಿತು. ಹಯಾತ್ ಸಾಬ್ ಕಿಟಕಿಯಿಂದ ಇಣುಕಿ, "ದಾವಣಗೆರೆ ಬಂತು" ಎಂದರು.

"ಬರ್ಲಿ ಬಿಡ್ರಿ. ಕೇಳ್ರಿಲ್ಲಿ, ಆ ಮಂಗ ಏನ್ಮಾಡ್ತು ಅಂದ್ರೆ..." ಎಂದು ಮುಂದುವರಿಸಿದೆ.

ನಗಬೇಡಿ. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿಲ್ಲ. ಮದುವೆಯಾದಾಗಿನಿಂದ ರೈಲು ಹತ್ತುವುದು ನನ್ನ ಖಾತೆ, ಇಳಿಯುವುದು ಅವಳ ಖಾತೆ. ಕೊಡಗನೂರು ದಾಟುತ್ತಲೇ ಅವಳು ಎದ್ದು, ಸೆರಗು ಸಿಕ್ಕಿಸಿ, "ಏಳ್ರಿ" ಎನ್ನುತ್ತಾಳೆ. ನಾನು ಚೀಲ ಹಿಡಿದು ಹಿಂದೆ ನಡೆಯುತ್ತೇನೆ. ನನ್ನ ಮಟ್ಟಿಗೆ ದಾವಣಗೆರೆ ಬರುವುದೆಂದರೆ ಚೌಡೇಶ್ವರಿ ಏಳುವುದು. ಅವಳು ಎದ್ದಿರಲಿಲ್ಲ, ಹಾಗಾಗಿ ಊರೂ ಬಂದಿರಲಿಲ್ಲ.

ಮಂಗನ ಕಥೆ ಮುಗಿಯಿತು. ರೈಲು ಮತ್ತೆ ನಿಂತಿತು. ಹಯಾತ್ ಸಾಬ್ ಆಕಳಿಸಿ ಕೇಳಿದರು: "ನೀವೆಲ್ಲಿ ಇಳಿಯೋದು ಸಾಹೇಬ್ರೆ?"

"ದಾವಣಗೆರೆ."

"ಯಾ ಅಲ್ಲಾ! ಅದು ಹೋಗಿ ಎಷ್ಟೊತ್ತಾತು! ಇದು ಹರಿಹರ ರೀ!"

ಸೂಟ್‌ಕೇಸನ್ನು ಮೊದಲು ಎಸೆದು, ಹಿಂದೆಯೇ ನಾನೂ ಇಳಿದೆ. ರೈಲು ಹೋಯಿತು. ಸಮುದ್ರ ದಾಟಿ ಬಂದವನು ಮನೆಯಿಂದ ಮೂರು ಹರದಾರಿ ಆಚೆ, ಹರಿಹರದ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಆದರೂ ಧೈರ್ಯ ಕೆಡಲಿಲ್ಲ. ದಾವಣಗೆರೆಗೆ ಬಸ್ಸುಗಳಿಗೇನು ಬರವೇ? ಒಂದನ್ನು ಹತ್ತಿದರೆ ಮನೆಯ ಬಾಗಿಲು, ರೈಲು ತಡವಾಯಿತೆಂದರೆ ಮುಗಿಯಿತು. ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಹೊರಗೆ ಹೆಜ್ಜೆಯಿಟ್ಟೆ. ಯಾಕೆಂದರೆ ಹರಿಹರವೆಂದರೆ ನನ್ನ ಅತ್ತೆಯ ಊರು.

"ಮಾಮಾ!"

ಚೌಡೇಶ್ವರಿಯ ತಮ್ಮ ಪರಶುರಾಮ್. ಯಾರನ್ನೋ ರೈಲು ಹತ್ತಿಸಲು ಬಂದಿದ್ದನಂತೆ. ಸೂಟ್‌ಕೇಸಿಗೆ ಅಂಟಿದ್ದ ವಿಮಾನದ ಚೀಟಿ ನೋಡಿದ, ನನ್ನನ್ನು ನೋಡಿದ, ಬಗ್ಗಿ ಕಾಲು ಮುಟ್ಟಿಯೇಬಿಟ್ಟ.

"ಫಾರಿನ್ನಿಂದ ಸೀದಾ ನಮ್ಮನಿಗೆ ಬಂದ್ರಾ ಮಾಮಾ? ಸ್ವಂತ ಮನಿಗೂ ಹೋಗ್ದಂಗೆ?"

ಸತ್ಯ ಹೇಳಲು ಬಾಯಿ ತೆರೆದೆ. ಬಾಯಿ "ಹೂಂ" ಎಂದಿತು.

ನನ್ನ ಅತ್ತೆ ಹಂಪವ್ವನವರಿಗೆ ಮೂವರು ಅಳಿಯಂದಿರು. ಕರೆಯದೆ ಯಾವ ಅಳಿಯನೂ ತಮ್ಮ ಹೊಸ್ತಿಲು ತುಳಿಯುವುದಿಲ್ಲವೆಂಬುದು ಅವರ ಜೀವಮಾನದ ಕೊರಗು, ಅದರಲ್ಲೂ ಕರೆದರೂ ಬಾರದ ಅಳಿಯ ನಾನು. ಅಂಥ ನಾನು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. "ಬರ್ರಿ, ಕೂಡ್ರಿ, ಕಾಲಿಗೆ ನೀರು ತಗಳ್ರಿ. ಏ ಪರಸ್ಯಾ, ಬೆಲ್ಲ ತಾರೋ, ಹೋಳಿಗೆ ಹಾಕಾನ!" ಎಂದು ಮನೆಯನ್ನೇ ಎಬ್ಬಿಸಿದರು. ಅಕ್ಕಪಕ್ಕದವರೂ ಬಂದು ಆದರ್ಶ ಅಳಿಯನ ದರ್ಶನ ಪಡೆದರು. ಅತ್ತೆಯ ಮನೆಗೆ ಅಷ್ಟು ದೂರದಿಂದ ಬರಿಗೈಯಲ್ಲಿ ಬರುವುದುಂಟೇ? ಎಲ್ಲರ ಕಣ್ಣೂ ಸೂಟ್‌ಕೇಸಿನ ಮೇಲಿತ್ತು. ಬೇರೆ ದಾರಿ ಕಾಣದೆ ನವಿಲು ಬಣ್ಣದ ಶಾಲು ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ಹೊದ್ದುಕೊಂಡೇ ಹೂರಣ ರುಬ್ಬಲು ಹೋದರು.

ಅಷ್ಟರಲ್ಲಿ ಪರಶುರಾಮ್ ಅಕ್ಕನಿಗೆ ಫೋನ್ ಮಾಡಿಬಿಟ್ಟಿದ್ದ. ಸಿಕ್ಕ ಬಸ್ಸಿಗೆ ಚೌಡೇಶ್ವರಿ ಬಂದಿಳಿದಳು. ನನ್ನನ್ನು ನೋಡಿದಳು, ಅವ್ವನ ಮೈಮೇಲಿನ ಶಾಲು ನೋಡಿದಳು, ಕಣ್ಸನ್ನೆಯಲ್ಲೇ ಹಿತ್ತಲಿಗೆ ಕರೆದಳು.

"ಇಳಿಯಾದು ಮರೆತ್ರಿ. ಹೌದಲ್ರಿ?"

"ಇಲ್ಲ ಮಾರಾಯ್ತಿ, ಅತ್ತೆಯೋರ ನೆನಪು ಬಂತು."

"ಇಷ್ಟು ವರ್ಷ ಬರದಿದ್ದ ನೆನಪು ರೈಲು ದಾವಣಗೆರೆ ದಾಟಿದ ಮ್ಯಾಲೆ ಬಂತಾ?"

ನಾನು ನುಗ್ಗೆಮರ ನೋಡುತ್ತ ನಿಂತೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಒಳಗೆ ಹೋಗಿ ಅವ್ವನ ಪಕ್ಕ ಕುಳಿತಳು. ಮಾನ ಹೋಯಿತು ಎಂದುಕೊಂಡೆ.

"ಅವ್ವಾ, ಅಲ್ಲಿ ಇದ್ದಾಗ್ಲೂ ಇವರಿಗೆ ನಿಂದೇ ಧ್ಯಾನ ಅಂತೆ" ಎಂದಳು ನನ್ನ ಪತ್ನಿ. ಆ ಕ್ಷಣ ಅವಳ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಏನೆಂದು ಹೇಳಲಿ! ಇಷ್ಟು ದಿನದ ಮೆಟ್ರೋ ಕಥೆಗಳನ್ನೂ ಕ್ಷಮಿಸಿಬಿಟ್ಟೆ.

ಹಂಪವ್ವನವರು ಲಟ್ಟಣಿಗೆ ಕೆಳಗಿಟ್ಟರು. "ಅಲ್ಲಿ ಗುಡ್ಡದ ಮ್ಯಾಲೆ ಸುಬ್ರಮಣ್ಯ ಅದಾನಂತಲ್ಲ ಅಳಿಯಂದಿರೆ? ಸಾಯಾದ್ರೊಳಗೆ ಒಂದ್ಸಲ ನೋಡ್ಬೇಕು ಅಂತೈತೆ ನನಗೆ."

"ನೋಡ್ದಂಗೆ ಇರ್ತೀಯಾ? ಮುಂದಿನ ಸಲ ಇವರೇ ಕರ್ಕೊಂಡು ಹೋಗ್ತಾರೆ. ಒಬ್ಬರೇ ಹೋಗಿ ಬೇಜಾರಾಗೈತಂತೆ" ಎಂದಳು ಚೌಡೇಶ್ವರಿ, ನನ್ನತ್ತ ತಿರುಗಿ. "ಏನ್ರಿ? ಹೌದೋ ಅಲ್ಲೋ? ಇಲ್ಲಾ, ಹಿತ್ತಲದಾಗಿಂದು ಇಲ್ಲೇ ಮಾತಾಡನಾ?"

"ಹೌದು" ಎಂದೆ.

ಮರಳುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: "ನೀನೂ ಬರ್ತೀಯಲ್ಲ?"

"ನಾನ್ಯಾಕ್ರಿ? ನೀವಿಲ್ದಾಗ ಮನಿ ಎಷ್ಟು ತಣ್ಣಗಿತ್ತು ಅಂತೀರಿ! ದಿನಾ ಫೋನ್ ಮಾಡಿ ತಾಸುಗಟ್ಲೆ ತಲಿ ತಿನ್ನಾಕೆ ಅವ್ವ ಒಬ್ಳು ಇದ್ಲು. ಈ ಸಲ ಅವ್ಳೂ ಇರಲ್ಲ" ಎಂದು ಕಿಟಕಿಯ ಆಚೆ ನೋಡುತ್ತ ಸುಖವಾಗಿ ನಿಟ್ಟುಸಿರು ಬಿಟ್ಟಳು.

ನಿನ್ನೆ ಹಂಪವ್ವನವರ ಪಾಸ್‌ಪೋರ್ಟು ಬಂತು. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ತಮಗೇ ಬೇಕೆಂದು ಅವರು ಈಗಲೇ ಹೇಳಿಬಿಟ್ಟಿದ್ದಾರೆ.