ಹೊನ್ನಯ್ಯನ ಫೋನು ಕೊಟ್ಟ ಏಳು ಮಿಸ್ ಕಾಲ್

ಟುಣುಕ್.

ಬೆಳಗಿನ ಹಾಲು ಕರೆಯುತ್ತಿದ್ದ ಹೊನ್ನಯ್ಯನ ಕೈ ಕೆಚ್ಚಲ ಮೇಲೇ ನಿಂತಿತು. ಸದ್ದು ಬಂದದ್ದು ಕೊಟ್ಟಿಗೆ ಗೋಡೆಯ ಗೂಡಿನಲ್ಲಿಟ್ಟಿದ್ದ ಫೋನಿನಿಂದ. ಚಾರ್ಜರ್ ಚುಚ್ಚಿದಾಗ ಆಗುವ ಸದ್ದು ಅದು. ಆದರೆ ಚಾರ್ಜರ್ ನಡುಮನೆಯಲ್ಲಿತ್ತು, ಫೋನಿಗೆ ಯಾರೂ ಏನೂ ಚುಚ್ಚಿರಲಿಲ್ಲ. ಪರದೆ ತಾನಾಗಿ ಹೊತ್ತಿಕೊಂಡಿತು, ನಡುಗಿತು, ಮಂಕಾಯಿತು, ಆರಿತು. ಮತ್ತೆ ಟುಣುಕ್. ಮತ್ತೆ ಹೊತ್ತಿಕೊಂಡಿತು. ಹಸು ಬೆಚ್ಚಿ ಕಾಲು ಝಾಡಿಸಿತು; ಅರ್ಧ ಬಕೆಟ್ ಹಾಲು ನೆಲದ ಪಾಲಾಯಿತು.

"ಏನ್ರೀ ಅದು?" ಎಂದಳು ಅಡುಗೆಮನೆಯಿಂದ ರುಕ್ಮಿಣಮ್ಮ.

"ಅದೇ. ಎದ್ದೈತೆ."

ಬೇಲೂರು ಕಡೆಯ ಮಾದಿಹಳ್ಳಿಯ ಹೊನ್ನಯ್ಯನ ಮನೆಯಲ್ಲಿ ಒಂಬತ್ತು ದಿನದಿಂದ ಇದೇ ಪಾಡು. ಹಸುವಿಗೆ ಕಲಗಚ್ಚು ಕಲಸುವಾಗ ಜೇಬಿನಿಂದ ಜಾರಿದ ಫೋನು ಬಾನಿಯೊಳಗೆ ಬಿದ್ದಿತ್ತು. ಅದನ್ನು ಹಸುವಿನ ಮೂತಿಗಿಂತ ಮೊದಲು ಹೊನ್ನಯ್ಯನ ಕೈ ತಲುಪಿದ್ದೇ ದೊಡ್ಡದು. ನೆನೆದ ಫೋನನ್ನು ಅಕ್ಕಿಯೊಳಗೆ ಹೂತಿಡಬೇಕೆಂದು ರುಕ್ಮಿಣಮ್ಮ ಎಲ್ಲೋ ಕೇಳಿದ್ದಳು. ಹೊನ್ನಯ್ಯ ಒಪ್ಪಲಿಲ್ಲ. ಯಾರೋ ಹೇಳಿದ್ದನ್ನು ಹಾಗೇ ಮಾಡಿದರೆ ಮನೆ ಯಜಮಾನನಿಗೆ ತಲೆ ಯಾಕಿರಬೇಕು?

"ಅಕ್ಕಿ ಎಷ್ಟು ನೀರು ಕುಡಿದೀತು? ಮುದ್ದೆಗೆ ಎಸರಿಟ್ಟು ನೋಡು. ಅಷ್ಟೂ ನೀರು ಕುಡ್ಕೊಂಡು ಗಟ್ಟಿಯಾಗಿ ಕೂತ್ಕೊಳಲ್ವಾ ರಾಗಿ? ರಾಗಿ ಮುಂದೆ ಅಕ್ಕಿ ಯಾವ ಲೆಕ್ಕ?"

"ಅದು ಹಿಟ್ಟು ಕಣ್ರೀ. ಇದು ಕಾಳು."

"ಕಾಳಿಲ್ದೆ ಹಿಟ್ಟು ಎಲ್ಲಿಂದ ಬತ್ತದೆ?"

ಈ ಪ್ರಶ್ನೆಗೆ ರುಕ್ಮಿಣಮ್ಮನ ಹತ್ತಿರ ಉತ್ತರವಿತ್ತು, ಹೇಳಲಿಲ್ಲ. (ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ಹೇಳದೆ ಉಳಿಸಿಕೊಂಡ ಉತ್ತರಗಳು ಮನೆಯ ರಾಗಿ ಡ್ರಮ್ಮು ತುಂಬುವಷ್ಟಿದ್ದವು.) ಹೊನ್ನಯ್ಯ ತೆಂಗಿನ ಸಸಿ ನೆಡುವಷ್ಟು ಶ್ರದ್ಧೆಯಿಂದ ಫೋನನ್ನು ಆ ಡ್ರಮ್ಮಿನಲ್ಲಿ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಯವರೆಗೆ ರಾಗಿ ಮುಚ್ಚಿದ. ಎರಡು ರಾತ್ರಿ ಕಳೆದು ಎತ್ತಿದಾಗ ಫೋನು ಬದುಕಿತ್ತು. ಆದರೆ ಮೈಮೇಲೆ ಏನೋ ಬಂದಂತಿತ್ತು.

ಪರೀಕ್ಷೆ, ಚಿಕಿತ್ಸೆ ಎರಡೂ ನಡೆದವು. ಹೊನ್ನಯ್ಯ ಅದನ್ನು ಆರಿಸಿ ಹತ್ತಿಸಿದ, ಬೆಳಕು ಹೆಚ್ಚಿಸಿ ತಗ್ಗಿಸಿದ, ಕೊನೆಗೆ ತೊಡೆಗೆ ಎರಡು ಬಾರಿಸಿದ. ಪಕ್ಕದ ಮನೆಯ ಸಿದ್ದಯ್ಯ ವೈರಸ್ ಎಂದ. ಹಳೇಬೀಡಿನ ಒಂದು ಅಂಗಡಿಯವನು ಫೋನನ್ನು ಕೈಗೂ ತೆಗೆದುಕೊಳ್ಳದೆ, ದೂರದಿಂದಲೇ, "ಡಿಸ್‌ಪ್ಲೇ ಹೋಗೈತೆ, ಬದಲಾಯಿಸ್ಬೇಕು" ಎಂದ. ಇಷ್ಟೂ ಆದಮೇಲೆ ಅದು ಮೊದಲಿಗಿಂತ ಚುರುಕಾಗಿ ನಡುಗತೊಡಗಿತು. ಡೇರಿಯ ಸಾಲಿನಲ್ಲಿ ಜನ ನಗುತ್ತಾರೆಂದು ಹೊನ್ನಯ್ಯ ಸಂಜೆ ಹಾಲು ಹಾಕಲು ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡ.

ಅಂದು ಹಾಲು ಚೆಲ್ಲಿದ ಬೇಸರದಲ್ಲೇ ಜಗಲಿಗೆ ಬಂದು ಕೂತಿದ್ದಾಗ ಫೋನು ರಿಂಗಾಯಿತು. ಪರದೆಯ ಮೇಲೆ ಹೆಸರು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. 'ಗಂಡಸಿ ಬೀಗರು.' ಹೊನ್ನಯ್ಯ ಫೋನೆತ್ತಿ ಕಿವಿಗಿಟ್ಟ.

ಅರಸೀಕೆರೆ ಕಡೆಯ ಗಂಡಸಿ ಊರಿನ ಲಕ್ಕಪ್ಪನೊಂದಿಗೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಮಗಳು ಕೋಮಲಳನ್ನು ಲಕ್ಕಪ್ಪನ ಮಗ ಸಂತುವಿಗೆ ಕೊಟ್ಟು, ಮದುವೆ ಚೆನ್ನಾಗಿಯೇ ಆಗಿ, ಬೀಗರ ಊಟದ ದಿನ ಇನ್ನೂರು ಜನರ ಪಂಕ್ತಿಯಲ್ಲಿ ಲಕ್ಕಪ್ಪ ಒಂದು ಮಾತು ಆಡಿದ್ದ: "ಏನೇ ಹೇಳಿ, ಬೇಲೂರು ಕಡೆ ಕಾಯಲ್ಲಿ ಬರೀ ನೀರು ಕಣ್ರೀ. ಕೊಬ್ಬರಿ ಅಂದ್ರೆ ನಮ್ಮ ಅರಸೀಕೆರೆ ಕಡೇದೇ." ಅಂದಿನ ಅಡುಗೆಗೆ ಮುನ್ನೂರು ಕಾಯಿ ಹೊತ್ತು ತಂದಿದ್ದ ಹೊನ್ನಯ್ಯ ಎಲೆ ಮುಂದಿನಿಂದ ಎದ್ದು ಕೈ ತೊಳೆದ. ಅಷ್ಟೇ. ಬೀಗರು ಬೀಗರಲ್ಲಿ ಮುರಿಯಲು ಅಷ್ಟು ಸಾಕು.

ಈಗ ಕೋಮಲಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅದಕ್ಕೆ ಹೆಣ್ಣಿನ ಅಪ್ಪ ಬೀಗರನ್ನು ಕೇಳಬೇಕು. "ಹೊನ್ನಯ್ಯನೋರ ನಂಬರಿಂದ ಒಂದು ಫೋನ್ ಬರ್ಲಿ, ಆಮೇಲೆ ನೋಡಾಣ" ಎಂದಿದ್ದ ಲಕ್ಕಪ್ಪ. ರುಕ್ಮಿಣಮ್ಮನ ಗುಂಡಿ ಫೋನಿನಿಂದ ಮಗಳಿಗೆ ದಿನಾ ಹೋಗುವ ಕರೆಗಳು ಲೆಕ್ಕಕ್ಕಿರಲಿಲ್ಲ. "ಅವರಿಗೆ ನಮ್ಮ ಮನೆಯಿಂದ ಕಾಲ್ ಹೋಗಕೂಡದು" ಎಂದಿದ್ದ ಹೊನ್ನಯ್ಯ. (ಒಳಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ ತಿಂಗಳಾಗಿತ್ತು. ಕೇಳಿದವರಿಗೆ ಗೋಡೆಗೆ ಗೆದ್ದಲು ಹತ್ತಿತ್ತು ಎಂದಿದ್ದ.)

"ಹೊನ್ನಯ್ಯನೋರಾ? ನಾನು ಲಕ್ಕಪ್ಪ."

ಹೊನ್ನಯ್ಯ ಎದ್ದು ನಿಂತ. ಕೋಪವನ್ನು ಕೇಳಬೇಕೋ ಬೀಗರೆಂಬ ಮರ್ಯಾದೆಯನ್ನು ಕೇಳಬೇಕೋ ತಿಳಿಯದೆ ಮೊಣಕಾಲುಗಳು ತಾವೇ ಎದ್ದುಬಿಟ್ಟಿದ್ದವು.

"ನಿಮ್ಮದು ನೋಡ್ದೆ ಕಣ್ರೀ. ಏಳು."

"ಏನು ಏಳು?"

"ಏಳು ಮಿಸ್ ಕಾಲ್. ದಿನಕ್ಕೊಂದು. ಮೊದಲನೇದಕ್ಕೆ ನಾನು ಸುಮ್ಕಿದ್ದೆ. ಮೂರನೇದಕ್ಕೆ ನಮ್ಮೋಳು 'ಪಾಪ' ಅಂದ್ಲು. ಏಳನೇದಕ್ಕೆ ನಂಗೂ ಹಂಗೇ ಅನ್ನಿಸ್ತು."

ಹೊನ್ನಯ್ಯ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. "ನಾನು ಮಾಡಿಲ್ಲ. ಫೋನು ಮಾಡಿರ್ಬೇಕು."

"ಫೋನು ಮಾಡ್ದೆ ಇನ್ನೇನು ಎಮ್ಮೆ ಮಾಡುತ್ತಾ?"

"ಅಲ್ಲ ಬೀಗರೇ, ಇದರ ಪರದೆ ಕೆಟ್ಟೈತೆ. ತಾನೇ ಹತ್ತುತ್ತೆ, ತಾನೇ ಆರುತ್ತೆ. ಹಂಗೇ ನಿಮಗೂ ಮಾಡ್ಕೊಂಡೈತೆ."

"ಅದರಲ್ಲಿ ಇನ್ನೂರು ನಂಬರ್ ಇರ್ತವೆ. ಹುಡುಕಿ ಹುಡುಕಿ ನಂಗೇ ಮಾಡ್ತಾ?"

"ಬೇಕಾದ್ರೆ ರಿಪೇರಿಯೋನ ಬಾಯಲ್ಲೇ ಹೇಳಿಸ್ತೀನಿ."

"ಹೇಳಿಸಿ. ಮಂಗಳವಾರ ನಾನು ಕೊಬ್ಬರಿ ತಗೊಂಡು ಅರಸೀಕೆರೆಗೆ ಬತ್ತೀನಿ. ನನ್ನ ಎದುರಿಗೇ ಹೇಳಿಸಿ. ಫೋನಿನ ತಪ್ಪು ಅಂತಾದ್ರೆ ನೀವು ನನ್ನ ಕರೆದೇ ಇಲ್ಲ ಅಂತಾಯ್ತು. ಮೊದಲಿನ ಹಂಗೇ ಇದ್ಬಿಡಾಣ. ಹೆರಿಗೆನೂ ಇಲ್ಲೇ ಆಗ್ಲಿ."

ಫೋನು ಕಟ್ಟಾಯಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರುಕ್ಮಿಣಮ್ಮ ಜಗಲಿಗೆ ಬಂದಳು.

"ಈಗ್ಲೇ ಫೋನ್ ಮಾಡಿ, ನಾನೇ ಮಾಡಿದ್ದು ಅಂದ್ಬಿಡಿ. ಮಗಳು ಬತ್ತಾಳೆ."

"ಮಾಡದೇ ಇದ್ದದ್ದನ್ನ ಮಾಡ್ದೆ ಅಂತ ಹೆಂಗೆ ಹೇಳ್ಲಿ?"

"ಬಾಯಲ್ಲಿ."

"ಸುಮ್ನಿರೇ. ಏಳು ಸಲ ಗಂಡಸಿ ಬಾಗಿಲು ಬಡಿದೋನು ಅನ್ನಿಸ್ಕೊಂಡು ನಾನು ಬದುಕ್ಬೇಕಾ?"

ಮಂಗಳವಾರ ಗಂಡಹೆಂಡತಿ ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಅರಸೀಕೆರೆಗೆ ಹೊರಟರು. ದಾರಿಯುದ್ದಕ್ಕೂ ಹೊನ್ನಯ್ಯನ ಜೇಬು ಟುಣುಕ್ ಎನ್ನುತ್ತಿತ್ತು. ಪ್ರತಿ ಸಲವೂ ಬಸ್ಸಿನ ಅರ್ಧ ಜನ ತಂತಮ್ಮ ಫೋನು ತೆಗೆದು ನೋಡುತ್ತಿದ್ದರು. ರುಕ್ಮಿಣಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಕೆಯನ್ನು ಯಾರೂ ಕರೆದಿರಲಿಲ್ಲ. ತಾನೂ ಬರುತ್ತೇನೆಂದು ತಾನೇ ಹೊರಟಿದ್ದಳು.

ಬಸ್ ನಿಲ್ದಾಣದ ಎದುರು ಫೋನ್ ರಿಪೇರಿ ಅಂಗಡಿ ಇಟ್ಟಿದ್ದ ಉಮೇಶ್ ಮಾದಿಹಳ್ಳಿಯವನೇ. ಇವರು ಹೋಗಿ ಕೂರುವಷ್ಟರಲ್ಲಿ ಲಕ್ಕಪ್ಪನೂ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಪಂಚಾಯಿತಿಗೆ ಬಂದವನ ಗತ್ತು. ಬೀಗಿತ್ತಿಗೆ ಕೈ ಮುಗಿದ, ಬೀಗನಿಗೆ ಮುಗಿಯಲಿಲ್ಲ. ಸ್ಟೂಲು ಎಳೆದುಕೊಂಡು, "ಶುರು ಮಾಡಪ್ಪ" ಎಂದ.

ಉಮೇಶ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಆರಿಸಿ, ಬೇರೆ ಆ್ಯಪು ಯಾವುದೂ ನಡೆಯದಂಥ ಕ್ರಮದಲ್ಲಿ ಹತ್ತಿಸಿದ. ಆಗಲೂ ನಡುಕ ನಿಲ್ಲಲಿಲ್ಲ. "ಆ್ಯಪಿನ ತಪ್ಪಲ್ಲ" ಎಂದ. ಕೆಳಗಿನ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು, ಕಣ್ಣಿಗೆ ಭೂತಗನ್ನಡಿ ಒತ್ತಿ, ತುಂಬ ಹೊತ್ತು ಹಾಗೇ ಇದ್ದ.

"ಹೊನ್ನಯ್ಯಣ್ಣ, ಇದರೊಳಗೆ ಏನೋ ಐತೆ."

ಸೂಜಿಯಂಥ ಚಿಮಟ ಒಳಗೆ ಹೋಗಿ ಹೊರಬಂದಿತು. ಬಿಳಿ ಕಾಗದದ ಮೇಲೆ ಒಂದು ರಾಗಿ ಕಾಳು ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ನಾಲ್ಕನೆಯದು ಅಷ್ಟು ಸುಲಭವಾಗಿ ಬರಲಿಲ್ಲ. ಉಮೇಶ್ ಉಸಿರು ಬಿಗಿಹಿಡಿದು ಎಳೆದ. ಊದಿಕೊಂಡ ಕಾಳು, ಅದರ ಬೆನ್ನಿಗೆ ದಾರದಂಥ ಬಿಳಿ ಬೇರು, ತುದಿಯಲ್ಲಿ ಹಸಿರಿನ ಒಂದು ಚುಕ್ಕೆ.

ಮೂವತ್ತು ವರ್ಷ ರಾಗಿ ಬಿತ್ತಿದ ಹೊನ್ನಯ್ಯ ತನ್ನ ಜೀವಮಾನದಲ್ಲೇ ಅತಿ ಚಿಕ್ಕ ಹೊಲದ ಮುಂದೆ ಬಾಯಿ ತೆರೆದು ಕೂತಿದ್ದ.

"ಬೀಗರೇ," ಎಂದ ಲಕ್ಕಪ್ಪ ಕೊನೆಗೆ, ಮೆಲ್ಲಗೆ, "ಫೋನಲ್ಲೂ ಬೇಸಾಯ ಇಟ್ಕೊಂಡಿದೀರಾ?"

"ಹದಿನೈದು ದಿನ ಬಿಟ್ಟಿದ್ರೆ ಪೈರು ಕಿತ್ತು ನಾಟಿ ಮಾಡ್ಬೋದಿತ್ತು," ಎಂದ ಉಮೇಶ್. ಹಾಲು ಕರೆದ ಕೈ ಒರೆಸದೆ ಹೊನ್ನಯ್ಯ ಮುಟ್ಟಿ ಮುಟ್ಟಿ ತೂತಿನೊಳಗೆ ಹಸಿ ಆರಿರಲಿಲ್ಲ. ಒದ್ದೆ ಕಾಳು ಒಳಗಿನ ಪಿನ್ನುಗಳನ್ನು ಮುಟ್ಟಿದಾಗಲೆಲ್ಲ ಚಾರ್ಜರ್ ಹಾಕಿದ್ದಾರೆಂದು ಫೋನು ತಿಳಿಯುತ್ತಿತ್ತು, ಬಿಟ್ಟಾಗ ತೆಗೆದರೆಂದು ತಿಳಿಯುತ್ತಿತ್ತು. ಅದಕ್ಕೇ ಈ ಹತ್ತುವುದು, ಆರುವುದು. ಇಷ್ಟನ್ನು ವಿವರಿಸುತ್ತಲೇ ಉಮೇಶ್ ಬ್ರಷ್ಷಿಗೆ ಸ್ಪಿರಿಟ್ ಅದ್ದಿ ತೂತು ಉಜ್ಜಿ, ಬಿಸಿಗಾಳಿ ಹಿಡಿದು ಒಣಗಿಸಿದ. ಪರದೆ ಗಾಳಿಯಿಲ್ಲದ ದಿನದ ಕೆರೆಯಂತೆ ನಿಂತಿತು.

ಲಕ್ಕಪ್ಪನಿಗೆ ಆ ಮೊಳಕೆಯ ಮೇಲಿನ ಕಣ್ಣು ಕೀಳಲಾಗಲಿಲ್ಲ. ಕಾಗದವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ, ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು ತೋರಿಸತೊಡಗಿದ.

ಹೊನ್ನಯ್ಯ ಇದೇ ಸಮಯವೆಂದು ಉಮೇಶನತ್ತ ಬಾಗಿದ. "ತಾನಾಗೇ ಕಾಲ್ ಮಾಡ್ತಿತ್ತಲ್ಲ, ಅದೂ ಈ ಕಾಳಿನ ಕೆಲಸವೇ ತಾನೇ? ಅವರಿಗೆ ಕೇಳೋ ಹಂಗೆ ಹೇಳಪ್ಪ."

ಉಮೇಶ್ ಪರದೆಯ ಮೇಲೆ ಮೂಲೆಯಿಂದ ಮೂಲೆಗೆ ಬೆರಳೆಳೆದು ನೋಡಿದ. ಆಮೇಲೆ ಕಾಲ್ ಪಟ್ಟಿ ತೆಗೆದ. ಅವನ ದನಿಯೂ ತಗ್ಗಿತು.

"ಇಲ್ಲ ಅಣ್ಣ. ಟಚ್ಚು ಚೆನ್ನಾಗೈತೆ. ಪರದೆ ಹತ್ತಿಸೋದು ರಾಗಿಗೆ ಗೊತ್ತು. ಲಾಕ್ ತೆಗೆದು, ಹೆಸರು ಹುಡುಕಿ, ಒಂದು ರಿಂಗ್ ಆದ್ಮೇಲೆ ಕಟ್ ಮಾಡೋದು ಅದಕ್ಕೆ ಬರಲ್ಲ. ನೋಡಿ ಇಲ್ಲಿ, ಏಳೂ ಸಂಜೆ ಐದು ಗಂಟೆಗೆ."

ಸಂಜೆ ಐದು ಗಂಟೆಗೆ ಹೊನ್ನಯ್ಯ ಡೇರಿಯಲ್ಲಿರುತ್ತಾನೆ. ಫೋನು ಮನೆಯಲ್ಲಿರುತ್ತದೆ. ಆ ಫೋನಿನ ಲಾಕು ತೆಗೆಯಲು ಬರುವವರು ಭೂಮಂಡಲದಲ್ಲಿ ಇಬ್ಬರೇ. ಅವನು ತಲೆ ತಿರುಗಿಸಿದ. ಎರಡನೆಯವಳು ಗೋಡೆಗೆ ನೇತುಹಾಕಿದ್ದ ಬಣ್ಣಬಣ್ಣದ ಫೋನ್ ಕವರುಗಳನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದಳು.

"ನೀನಾ?"

"ಇದು ನವಿಲಿಂದು ಚೆನ್ನಾಗೈತೆ, ಅಲ್ವಾ?"

"ರುಕ್ಮಿಣೀ."

"ನಮ್ಮ ಮನೆಯಿಂದ ಕಾಲ್ ಹೋಗಕೂಡದು ಅಂದಿದ್ರಿ. ಹೋಗಿಲ್ಲ. ಮಿಸ್ ಕಾಲ್ ಹೋಗೈತೆ. ಅವರು ಎತ್ತಲಿಲ್ಲ, ನಾನು ಮಾತಾಡಲಿಲ್ಲ." ಆಕೆ ಕವರಿನಿಂದ ಕಣ್ಣು ತೆಗೆಯಲಿಲ್ಲ. "ಬಿಡಿ, ಹೇಳ್ಬಿಡಿ ಅವರಿಗೆ. ನನ್ನದೇ ತಪ್ಪು ಅನ್ನಿ. ಅವಳು ಅಲ್ಲೇ ಹೆರಲಿ."

"ಏನಂತೆ?" ಲಕ್ಕಪ್ಪ ಕಾಗದ ಹಿಡಿದುಕೊಂಡೇ ಒಳಗೆ ಬಂದ. "ಫೋನು ಮಾಡ್ತಾ, ನೀವು ಮಾಡಿದ್ರಾ?"

"ಐದು ಗಂಟೆಗೆ ಅಣ್ಣ ಡೇರೀಲಿ..." ಎಂದು ಉಮೇಶ್ ಶುರು ಮಾಡಿದ.

"ನಾನೇ ಮಾಡಿದ್ದು."

ಆಡಿದ್ದು ಯಾರೆಂದು ಹೊನ್ನಯ್ಯನೂ ಒಮ್ಮೆ ಸುತ್ತ ನೋಡಿದ. ದನಿ ತನ್ನದೇ ಆಗಿತ್ತು. ರುಕ್ಮಿಣಮ್ಮನ ಕೈಯಿಂದ ನವಿಲಿನ ಕವರು ಕೆಳಗೆ ಬಿತ್ತು.

ಲಕ್ಕಪ್ಪ ಸ್ಟೂಲಿನ ಮೇಲೆ ನಿಧಾನವಾಗಿ, ಪೂರ್ತಿಯಾಗಿ ಕೂತ. "ಮತ್ತೆ ಅವತ್ತು ಫೋನಿನ ಮೇಲೆ ಹಾಕಿದ್ರಿ?"

"ನಾಚಿಕೆ ಆಯ್ತು."

"ಒಂದೇ ರಿಂಗಿಗೆ ಕಟ್ ಮಾಡ್ತಿದ್ರಿ?"

"ಧೈರ್ಯ ಬರ್ಲಿಲ್ಲ."

"ಏಳು ಸಲನೂ?"

"ಏಳು ಸಲನೂ."

"ಕಾಯಿ ವಿಚಾರ?"

ಹೊನ್ನಯ್ಯ ಹೆಂಡತಿಯತ್ತ ನೋಡಿದ. ಆಕೆ ಈಗ ಕವರುಗಳನ್ನು ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು; ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. "ನೀರು... ಒಂದು ಚೂರು ಜಾಸ್ತಿನೇ."

ಇದನ್ನು ಕೇಳಲು ಲಕ್ಕಪ್ಪ ಎಂಟು ತಿಂಗಳು ಕಾದಿದ್ದ. ಗೆದ್ದವನ ಉದಾರತೆ ಅವನ ಮೈತುಂಬ ಹರಡಿತು. "ಆಗ್ಲಿ ಬಿಡಿ. ನಾನೂ ಪಂಕ್ತೀಲಿ ಅನ್ನಬಾರದಿತ್ತು. ಬುಧವಾರ ಬಿಟ್ಟು ಗುರುವಾರ ದಿನ ಚೆನ್ನಾಗೈತಂತೆ, ಬಂದು ಕರ್ಕೊಂಡು ಹೋಗಿ. ಸ್ಕ್ಯಾನಿಂಗ್ ಇತ್ತು ಅಂತ ಕೋಮಲನೂ ಇವತ್ತು ನನ್ನ ಜೊತೇಲೇ ಬಂದವ್ಳೆ, ಎದುರು ಬೇಕರೀಲಿ ಕೂರಿಸಿದೀನಿ. ಆದ್ರೆ ಒಂದು ಮಾತು ಬೀಗರೇ. ಏಳು ಸಲ ಕರೆದೋರು ನೀವು. ಇದನ್ನ ನಾನು ನಮ್ಮೂರಲ್ಲಿ ಹೇಳದೆ ಇರಕ್ಕಾಗಲ್ಲ. ನಾಳೆ ಮೊಮ್ಮಗು ದೊಡ್ಡದಾದ್ಮೇಲೆ ಅದಕ್ಕೂ ಹೇಳ್ತೀನಿ. ನಿಮ್ಮ ತಾತ ಅನ್ನೋರು..."

ಅಂಗಡಿಯ ಬಾಗಿಲಾಚೆ, ರಸ್ತೆಯ ಆ ಬದಿಯಲ್ಲಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಚೀಲ ಹಿಡಿದು ಕೋಮಲ ನಿಂತಿದ್ದಳು. ಮುಖ ದುಂಡಗಾಗಿತ್ತು. ಬಸ್ಸುಗಳ ನಡುವೆ ದಾಟಲೋ ಬೇಡವೋ ಎಂದು ಒಂದು ಹೆಜ್ಜೆ ಇಳಿದಳು.

"...ನಿಮ್ಮ ತಾತ ಅನ್ನೋರು ದಿನಾ ಸಂಜೆ ಸರಿಯಾಗಿ ಐದು ಗಂಟೆಗೆ... ಬೀಗರೇ, ಇಲ್ಲಿ ಕೇಳಿ..."

ಹೊನ್ನಯ್ಯ ಆಗಲೇ ಮೆಟ್ಟಿಲಿಳಿದಿದ್ದ. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಹಾಸನದ ಬಸ್ಸಿನ ಮೂತಿಗೆ ಅಂಗೈ ಒಡ್ಡಿ ನಿಲ್ಲಿಸಿ, ಡ್ರೈವರ್ ಕೂಗುತ್ತಿದ್ದುದಕ್ಕೆ ತಿರುಗಿಯೂ ನೋಡದೆ, ರಸ್ತೆ ದಾಟುತ್ತಿದ್ದ.